ಘಟ್ಟ ಇಳಿದ ದುಡ್ಡು, ಘಟ್ಟ ಹತ್ತಿದ ದರ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ದುಡಿದು ಮನೆಗೆ ದುಡ್ಡು ಕಳಿಸುವ ಪದ್ಧತಿ ಹುಟ್ಟಿದ್ದು ನಮ್ಮ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದ ಮೇಲೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದಕ್ಕಿಂತ ಎಷ್ಟೋ ಮೊದಲೇ ಇಲ್ಲಿ ದುಡಿದ ದುಡ್ಡು ಊರಿಗೆ ಹೋಗುತ್ತಿತ್ತು. ಊರು ಅಂದರೆ ಆಗ ಕಾರ್ಕಳ, ಹೆಬ್ರಿ, ಕುಂದಾಪುರದ ಕಡೆಯ ಹಳ್ಳಿಗಳು. ಕಳಿಸುತ್ತಿದ್ದವರು ನಮ್ಮ ಅಡಿಕೆ ತೋಟ, ಕಾಫಿ ತೋಟಗಳಿಗೆ ಕೆಲಸಕ್ಕೆ ಬಂದ ಘಟ್ಟದ ಕೆಳಗಿನ ಆಳುಗಳು. ದುಡ್ಡು ಮೊದಲು ಘಟ್ಟ ಇಳಿಯಿತು. ಅದು ಈ ಕಡೆಗೆ ತಿರುಗಿದ್ದು ಆಮೇಲೆ. ಈ ಎರಡು ಕಾಲದಲ್ಲೂ ಯಾವುದರ ಬೆಲೆ ಏರಿತು, ಯಾವುದರದ್ದು ಏರಲಿಲ್ಲ, ಏರಿದ ಬೆಲೆಯನ್ನು ಯಾರು ತೆತ್ತರು ಅನ್ನುವುದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನು ಅರ್ಥಶಾಸ್ತ್ರ ಓದಿದವಳಲ್ಲ. ಕೊಪ್ಪದಿಂದ ಜಯಪುರಕ್ಕೆ ಹೋಗುವ ರಸ್ತೆಯಿಂದ ಒಳಗಿರುವ ಒಂದು ಹಳ್ಳಿಯಲ್ಲಿ ಬ್ರಾಂಚ್ ಪೋಸ್ಟ್‌ಮಾಸ್ಟರ್ ಆಗಿದ್ದವಳು. ನಮ್ಮಂಥವರನ್ನು ಇಲಾಖೆ ಇ.ಡಿ. ಏಜೆಂಟರು ಅಂತ ಕರೆಯುತ್ತಿತ್ತು. ಈಗ ಗ್ರಾಮೀಣ ಡಾಕ್ ಸೇವಕರು ಅನ್ನುತ್ತಾರೆ. ಬೇರೆ ಆದಾಯ ಇದ್ದವರಿಗೆ ಮಾತ್ರ ಆ ಕೆಲಸ, ಕಚೇರಿಗೆ ಜಾಗವನ್ನೂ ಅವರೇ ಕೊಡಬೇಕು ಅನ್ನುವ ನಿಯಮ. ಹಾಗಾಗಿ ಪೋಸ್ಟ್ ಆಫೀಸು ಇದ್ದದ್ದು ನಮ್ಮ ಮನೆಯ ಜಗಲಿಯಲ್ಲಿ. ಒಂದು ಮೇಜು, ಒಂದು ಸಣ್ಣ ತಕ್ಕಡಿ, ಕಂಬಕ್ಕೆ ತೂಗುಹಾಕಿದ ಕೆಂಪು ಡಬ್ಬಿ. ಕೆಳಗೆ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತಿತ್ತು. ಮಾವನವರ ನಂತರ ಆ ಮೇಜು ನನಗೆ ಬಂತು. ಬೆಳಿಗ್ಗೆ ಅಲ್ಲೇ ಕೂತು ಊರಿನವರ ಮನಿಯಾರ್ಡರ್ ಲೆಕ್ಕ ನೋಡುವುದು, ಶನಿವಾರ ಸಂಜೆ ಅಲ್ಲೇ ಕೂತು ತೋಟದ ಆಳುಗಳಿಗೆ ಬಟವಾಡೆ ಮಾಡುವುದು. ಊರಿಗೆ ಬರುವ ದುಡ್ಡು, ಊರಿಂದ ಹೋಗುವ ದುಡ್ಡು ಎರಡೂ ನನ್ನ ಕೈ ಮೇಲೇ ಹಾದುಹೋದವು.

ಮಲೆನಾಡಿನ ತೋಟಗಳಿಗೆ ಊರಿನ ಆಳು ಯಾವ ಕಾಲಕ್ಕೂ ಸಾಲುತ್ತಿರಲಿಲ್ಲ. ಅದಕ್ಕೆ ದೊಡ್ಡ ಕಾರಣ ಚಳಿಜ್ವರ. ಮಲೇರಿಯಾದಿಂದ ಮಲೆನಾಡಿನ ಜನ ಕಡಿಮೆಯಾಗುತ್ತಿದ್ದಾರೆ ಅನ್ನುವ ಚಿಂತೆ ಮೈಸೂರು ಸರ್ಕಾರಕ್ಕೇ ಹತ್ತಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1914ರಲ್ಲಿ ಮಲೆನಾಡು ಸುಧಾರಣೆಗೆ ಅಂತಲೇ ಯೋಜನೆ ಹಾಕಿದರು. ಆದರೂ ಎರಡನೇ ಮಹಾಯುದ್ಧ ಮುಗಿದು ಡಿಡಿಟಿ ಬರುವ ತನಕ ಜ್ವರ ಹಿಡಿತಕ್ಕೆ ಸಿಗಲಿಲ್ಲ. ಮನೆಯಲ್ಲಿ ಮೂವರು ಕಂಬಳಿ ಹೊದ್ದು ಮಲಗಿರುವಾಗ ಅಡಿಕೆ ಕೊನೆ ಇಳಿಸುವವರು ಯಾರು?

ಆಳು ತರುತ್ತಿದ್ದವನು ಸೇರೆಗಾರ. ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಚೀಂಕ್ರ ಸೇರೆಗಾರನ ನೆನಪಿರುತ್ತದೆ. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಸೇರೆಗಾರರನ್ನು ಅವರು ಹತ್ತಿರದಿಂದ ಕಂಡವರೇ. ಆ ಕಾದಂಬರಿಯ ಸೇರೆಗಾರ ಒಳ್ಳೆಯವನಲ್ಲ. ನಮ್ಮ ಮನೆಗೆ ಬರುತ್ತಿದ್ದವರೆಲ್ಲ ಹಾಗೇ ಇದ್ದರು ಅಂತ ನಾನು ಹೇಳಲಾರೆ, ಆದರೆ ಅವರ ಕೈಯಲ್ಲಿದ್ದ ಅಧಿಕಾರ ಅಂಥದ್ದೇ. ಮಳೆ ಹಿಂದಾಗುತ್ತಿದ್ದಂತೆ ಸೇರೆಗಾರ ತೋಟದ ಯಜಮಾನರಿಂದ ಮುಂಗಡ ಹಿಡಿದು ಘಟ್ಟ ಇಳಿಯುತ್ತಿದ್ದ. ಅಲ್ಲಿ ಮನೆಮನೆಗೆ ಇಷ್ಟಿಷ್ಟು ಅಂತ ಕೊಟ್ಟು, ಆಳು ಕಟ್ಟಿಕೊಂಡು, ಆಗುಂಬೆ ಘಾಟಿಯಿಂದಲೋ ಮಾಳದ ಕಡೆಯಿಂದ ಕೆರೆಕಟ್ಟೆಗೋ ಹತ್ತಿಸಿಕೊಂಡು ಬರುತ್ತಿದ್ದ. ಸುಗ್ಗಿ ಮುಗಿದು ಬೇಸಿಗೆಯ ತೋಟದ ಕೆಲಸವೂ ಮುಗಿದ ಮೇಲೆ, ಮಳೆಗಾಲದ ಮುಂಚಿನ ಪತ್ತನಾಜೆಯ ಹೊತ್ತಿಗೆ ಅವರು ಊರು ಸೇರಬೇಕು. ಮಳೆ ಹಿಡಿದರೆ ಅಲ್ಲಿ ಅವರಿಗೆ ಗದ್ದೆ ಕೆಲಸ ಕಾದಿರುತ್ತದೆ.

ಈಗಿನವರು ದುಡಿದು ಕಳಿಸುತ್ತಾರೆ. ಅವರು ಕಳಿಸಿ ದುಡಿಯುತ್ತಿದ್ದರು. ಮನೆಗೆ ದುಡ್ಡು ಮುಟ್ಟಿದ ಮೇಲೇ ಆಳು ಘಟ್ಟ ಹತ್ತುತ್ತಿದ್ದದ್ದು. ಮುಂಗಡ ತೀರುವ ತನಕ ದುಡಿಮೆ ತನ್ನದಲ್ಲ. ಮುಂಗಡ ತೆಗೆದುಕೊಂಡು ತಪ್ಪಿಸಿಕೊಂಡವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲು ಬ್ರಿಟಿಷ್ ಇಂಡಿಯಾದಲ್ಲಿ 1859ರ ಒಂದು ಕಾಯ್ದೆಯೇ ಇತ್ತು, 1925ರಲ್ಲಿ ಅದನ್ನು ತೆಗೆದರು. ಘಟ್ಟದ ಕೆಳಗೆ ಮದರಾಸು ಪ್ರಾಂತ್ಯ, ಮೇಲೆ ಮೈಸೂರು ಸಂಸ್ಥಾನ, ಶೃಂಗೇರಿ ಮಠದ ಜಹಗೀರು. ಆಳುವವರು ಬೇರೆ ಬೇರೆ. ರೂಪಾಯಿ ಮಾತ್ರ ಎಲ್ಲ ಕಡೆಗೂ ಒಂದೇ, ಅದಕ್ಕೆ ಗಡಿಯ ತಡೆ ಇರಲಿಲ್ಲ.

ಮಾವನವರ ತಂದೆ ಬರೆದ ಒಂದು ಉದ್ದನೆಯ ಲೆಕ್ಕದ ಪುಸ್ತಕ ನಮ್ಮ ಅಟ್ಟದಲ್ಲಿ ಸಿಕ್ಕಿತ್ತು. ಕೆಂಪು ಬಟ್ಟೆಯ ರಟ್ಟು, ಅಂಚಿಗೆಲ್ಲ ಗೆದ್ದಲು. ಒಂದೊಂದು ಪುಟದ ತಲೆಯಲ್ಲಿ ಸೇರೆಗಾರನ ಹೆಸರು. ಅದರ ಕೆಳಗೆ ಆಳುಗಳ ಹೆಸರಿಲ್ಲ. ಗಂಡಾಳು, ಹೆಣ್ಣಾಳು, ಹುಡುಗ ಅಂತ ಬರೆದು ಎದುರಿಗೆ ದಿನದ ಲೆಕ್ಕದ ಗೀಟುಗಳು. ಐದನೆಯ ಗೀಟು ಅಡ್ಡಕ್ಕೆ ಎಳೆದಿದೆ. ಖರ್ಚಿನ ಕಡೆ ಮುಂಗಡ, ಕಂಬಳಿ, ಅಕ್ಕಿ, ಉಪ್ಪು, ಒಣಮೀನು, ಹೊಗೆಸೊಪ್ಪು. ಪುಟದ ಕೊನೆಗೆ ಬಾಕಿ, ಮುಂದಿನ ವರ್ಷದ ಪುಟದ ಮೊದಲ ಸಾಲಿನಲ್ಲೂ ಅದೇ ಬಾಕಿ. ನಾನು ಆ ಪುಸ್ತಕವನ್ನು ಬಹಳ ಸಲ ತಿರುವಿ ಹಾಕಿದ್ದೇನೆ. ಮುಂಗಡ ಒಂದನ್ನು ರೂಪಾಯಿಯಲ್ಲಿ ಬರೆದಿದ್ದಾರೆ. ಅಕ್ಕಿಯನ್ನು ಬರೆದದ್ದು ಕೊಳಗದಲ್ಲಿ. ಅಂದರೆ ಆಳು ಇಲ್ಲಿ ತಿಂದದ್ದು ಯಜಮಾನನ ಕಣಜದ್ದು, ಹೊದ್ದದ್ದು ಯಜಮಾನ ಕೊಟ್ಟ ಕಂಬಳಿ. ನಗದು ಅಂತ ಇದ್ದದ್ದು ಹೊರಡುವ ಮೊದಲೇ ಕೆಳಗಿನ ಮನೆಯಲ್ಲಿ ಖರ್ಚಾಗಿರುತ್ತಿತ್ತು. ನೂರಾರು ಜನ ತಿಂಗಳುಗಟ್ಟಲೆ ನಮ್ಮಲ್ಲಿದ್ದು ದುಡಿದರೂ ಕೊಪ್ಪದ ಅಂಗಡಿ ಬೀದಿಯಲ್ಲಿ ಅವರ ದುಡ್ಡು ಹೆಚ್ಚು ಓಡಾಡಲೇ ಇಲ್ಲ. ಓಡಾಡದ ದುಡ್ಡು ಬೆಲೆ ಏರಿಸುವುದಿಲ್ಲ. ಆ ಕಾಲದಲ್ಲಿ ದುಡ್ಡು ಕಳಿಸುವುದರಿಂದ ಏನಾದರೂ ಏರುಪೇರಾಗಿದ್ದರೆ ಅದು ಘಟ್ಟದ ಕೆಳಗೆ ಆಗಿರಬೇಕು.

ಅಂಚೆಯ ದಾರಿ ತೆರೆದದ್ದು ನಿಧಾನಕ್ಕೆ. ಮೈಸೂರಿಗೆ ಚಿಕ್ಕದೇವರಾಜ ಒಡೆಯರ ಕಾಲದಿಂದ ತನ್ನದೇ ಅಂಚೆ ಇತ್ತು. ಬ್ರಿಟಿಷ್ ಇಂಡಿಯಾದ ಪೋಸ್ಟ್ ಆಫೀಸುಗಳಲ್ಲಿ ಮನಿಯಾರ್ಡರ್ ಶುರುವಾದದ್ದು 1880ರಲ್ಲಿ. ಮೈಸೂರು ಅಂಚೆ ಅದರೊಳಗೆ ಸೇರಿದ್ದು 1889ರಲ್ಲಿ. ಆಮೇಲೆ ಘಟ್ಟದ ಮೇಲಿನ ದುಡ್ಡು ಸೇರೆಗಾರನ ಕೈ ಮುಟ್ಟದೆ ಕೆಳಗಿನ ಮನೆ ತಲುಪಲು ದಾರಿಯಾಯಿತು. ಅಕ್ಷರ ಬಾರದವರು ಆ ದಾರಿ ಹಿಡಿಯಲು ಇನ್ನೂ ಬಹಳ ವರ್ಷ ಬೇಕಾಯಿತು. ಫಾರಂ ತುಂಬಿಸಲು ಯಾರನ್ನಾದರೂ ಹಿಡಿಯಬೇಕು, ಹೆಬ್ಬೆಟ್ಟು ಒತ್ತಿದರೆ ಸಾಕ್ಷಿಗೆ ಒಬ್ಬರು ಬೇಕು. ಕಮಿಷನ್ ನನ್ನ ಕಾಲದಲ್ಲಿ 20 ರೂಪಾಯಿಗೆ 1 ರೂಪಾಯಿ. 100 ಕಳಿಸಿದರೆ 5 ಇಲಾಖೆಗೆ. ನಾನು ಮೇಜಿಗೆ ಬಂದ ಹೊಸತರಲ್ಲಿ ಹೆಣ್ಣಾಳಿನ ಒಂದು ದಿನದ ಕೂಲಿ ಅದರ ಆಸುಪಾಸಿನಲ್ಲೇ ಇತ್ತು. ಒಂದು ದಿನದ ಬೆವರು ಬರೀ ದಾರಿಖರ್ಚಿಗೆ.

ಆದರೆ ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಆ ಕಥೆ ಮುಗಿಯುತ್ತಾ ಬಂದಿತ್ತು. ನಮ್ಮ ಮನೆಗೆ ಬರುತ್ತಿದ್ದ ಕೊನೆಯ ಸೇರೆಗಾರ ಒಂದು ವರ್ಷ ದೀಪಾವಳಿ ಕಳೆದ ಮೇಲೆ ಒಬ್ಬನೇ ಬಂದ. ಜಗಲಿಯ ತುದಿಯಲ್ಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತಾ ಮಾವನವರಿಗೆ ಹೇಳಿದ: “ಇನ್ನು ಆಳು ಸಿಕ್ಕುದಿಲ್ಲ ಅಯ್ಯಾ. ಮನೆಮನೆಗೆ ಬೊಂಬಾಯಿ ದುಡ್ಡು ಬರ್ತದೆ. ಘಟ್ಟ ಹತ್ತುದು ಯಾರಿಗೆ ಬೇಕು?” ಮಾವನವರು ಕೊಡಲು ತಂದಿಟ್ಟುಕೊಂಡಿದ್ದ ಮುಂಗಡವನ್ನು ಮತ್ತೆ ಒಳಗಿಟ್ಟರು.

ಅವನ ಮಾತಿನಲ್ಲಿ ಎಲ್ಲ ಇತ್ತು. ಘಟ್ಟದ ಕೆಳಗಿನ ಮನೆಗಳ ಹುಡುಗರು ಬೊಂಬಾಯಿಯ ಹೋಟೆಲುಗಳಿಗೆ ಸೇರಿ ದುಡ್ಡು ಕಳಿಸತೊಡಗಿ ದಶಕಗಳಾಗಿದ್ದವು. 1973ರಲ್ಲಿ ಎಣ್ಣೆಯ ಬೆಲೆ ಹಾರಿದ ಮೇಲೆ ಗಲ್ಫಿನ ದಾರಿಯೂ ತೆರೆಯಿತು. ಮನೆಯಲ್ಲಿದ್ದ ಹೆಂಗಸರಿಗೆ ಬೀಡಿ ಕಟ್ಟುವ ಕೆಲಸ ಇತ್ತು. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯಿಂದ ಗೇಣಿ ಗದ್ದೆ ಎಷ್ಟೋ ಜನರ ಸ್ವಂತದ್ದಾಯಿತು. ಇಷ್ಟೆಲ್ಲ ಆದ ಮೇಲೆ ಹಿಂದಿನ ಕೂಲಿಗೆ ಜಿಗಣೆ ಕಚ್ಚಿಸಿಕೊಳ್ಳಲು ಅವರೇಕೆ ಮೇಲೆ ಬಂದಾರು? ಬರಬೇಕಾದರೆ ಕೂಲಿ ಏರಬೇಕು. ಏರಿತು. ನಮ್ಮ ಕಡೆ ಆಳಿನ ದರ ಮೊದಲ ಸಲ ಜೋರಾಗಿ ಏರಿದ್ದು ನಮ್ಮ ಮಕ್ಕಳು ಕಳಿಸಿದ ದುಡ್ಡಿನಿಂದ ಅಲ್ಲ. ಅಂಧೇರಿಯಿಂದ, ಕುವೈತಿನಿಂದ ಕಾರ್ಕಳದ ಮನೆಗಳಿಗೆ ಬಂದ ದುಡ್ಡಿನಿಂದ. ದುಡ್ಡು ಒಂದು ಊರಿಗೆ ಬಂತು, ಬೆಲೆ ಇನ್ನೊಂದು ಊರಿನಲ್ಲಿ ಏರಿತು. ನಮ್ಮ ಕಡೆಯ ಯಜಮಾನರು ಮಾತ್ರ ಇವತ್ತಿಗೂ ಅದಕ್ಕೆ ಆಳುಗಳ ಸೊಕ್ಕು ಅಂತಲೇ ಹೆಸರಿಡುತ್ತಾರೆ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ತಲೆತಲಾಂತರ ಬಾಕಿಯ ಪುಟದಿಂದ ಏಳದವರ ಮಕ್ಕಳು ಎದ್ದರು, ಅಷ್ಟೆ.

ಇನ್ನು ನಮ್ಮ ಮಕ್ಕಳ ಕಾಲ. ಬೆಂಗಳೂರಿನ ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಿಗೆ ಸೇರಿದವರು ಕೆಲವರು. 1969ರಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಗಿ ಶಾಖೆಗಳು ಹೆಚ್ಚಿದ ಮೇಲೆ ಗುಮಾಸ್ತರಾಗಿ ಹೋದವರು ಇನ್ನು ಕೆಲವರು. ಅಡುಗೆಗೆ, ಪೂಜೆಗೆ, ಹೋಟೆಲಿಗೆ ಹೋದವರೂ ಇದ್ದರು. ಗೇಣಿ ಹೋದ ಮನೆಗಳಲ್ಲಿ ಗಂಡುಮಕ್ಕಳನ್ನು ಓದಿಸಿ ಊರು ಬಿಡಿಸುವುದೊಂದೇ ದಾರಿ ಅಂತಾಯಿತು. ತಿಂಗಳ ಮೊದಲ ವಾರ ಕಳೆಯುತ್ತಿದ್ದಂತೆ ಕೊಪ್ಪದಿಂದ ಬರುವ ಟಪ್ಪಾಲು ಚೀಲದಲ್ಲಿ ಮನಿಯಾರ್ಡರ್ ಫಾರಂಗಳ ಕಟ್ಟು ದಪ್ಪಗಾಗುತ್ತಿತ್ತು. ಫಾರಂನ ಕೆಳತುದಿಯ ಕೂಪನ್ನಿನಲ್ಲಿ ನಾಲ್ಕು ಸಾಲು ಬರೆಯಲು ಜಾಗ. ‘ಅಮ್ಮನ ಕಣ್ಣಿನ ಔಷಧಿಗೆ’, ‘ತಂಗಿಯ ಫೀಸಿಗೆ’, ‘ಕೊಟ್ಟಿಗೆಯ ಹಂಚಿಗೆ’. ಓದಬಾರದು ಅಂತ ನಿಯಮ. ಓದಿ ಹೇಳಿ ಅಂತ ಕೂಪನ್ನನ್ನು ನಮ್ಮ ಕೈಗೇ ಕೊಡುವ ಅಜ್ಜಿಯರ ಮುಂದೆ ಆ ನಿಯಮ ನಡೆಯುತ್ತಿರಲಿಲ್ಲ.

ಆ ದಿನಗಳಲ್ಲಿ ಕಲ್ಲು ಕಟ್ಟುವ ಒಬ್ಬ ಮೇಸ್ತ್ರಿ ಟಪ್ಪಾಲು ಬರುವ ಹೊತ್ತಿಗೆ ಸರಿಯಾಗಿ ನಮ್ಮ ಜಗಲಿಗೆ ಬಂದು ಕೂರುತ್ತಿದ್ದ. ಅವನಿಗೆ ಯಾವ ಕಾಗದವೂ ಬರುವುದಿರಲಿಲ್ಲ. ಬೀಡಿ ಸೇದುತ್ತಾ, ಯಾರು ಸಹಿ ಹಾಕಲು ಬಂದರು, ಪೋಸ್ಟ್‌ಮ್ಯಾನ್ ಯಾವ ಕಡೆ ಹೊರಟ ಅಂತ ನೋಡುತ್ತಾ ಕೂರುವುದು. ಎಷ್ಟು ಬಂತು ಅಂತ ಒಮ್ಮೆಯೂ ಕೇಳಿದವನಲ್ಲ. ಅವನಿಗೆ ಎಷ್ಟು ಅನ್ನುವುದು ಬೇಕಾಗಿರಲಿಲ್ಲ, ಯಾರಿಗೆ ಅನ್ನುವುದು ಸಾಕಿತ್ತು. ಮನಿಯಾರ್ಡರ್ ಬರುವ ಮನೆಯಲ್ಲಿ ಬೇಸಿಗೆಗೆ ಬಚ್ಚಲು, ಕೊಟ್ಟಿಗೆ, ಮುಂದಿನ ಬೇಸಿಗೆಗೆ ತಾರಸಿ. ಅಂಥ ಮನೆ ಊರಿನಲ್ಲಿ ಒಂದು ಎರಡು ಇದ್ದಾಗ ಅವನೇ ಮನೆಮನೆಗೆ ಕೆಲಸ ಕೇಳಿಕೊಂಡು ಹೋಗುತ್ತಿದ್ದ. ನಾಲ್ಕೈದಾದ ಮೇಲೆ ಅವರೇ ಅವನನ್ನು ಹುಡುಕಿಕೊಂಡು ಬಂದರು. ಆಮೇಲಿಂದ ಅವನು ಜಗಲಿಗೆ ಬರುವುದನ್ನು ಬಿಟ್ಟ. ದರವನ್ನೂ ಅವನೇ ಹೇಳತೊಡಗಿದ.

ಅದೇ ಕಾಲದಲ್ಲಿ ಕೊಪ್ಪದ ಅಂಗಡಿಯಲ್ಲಿ ಸೋಪು, ಸಕ್ಕರೆ, ಸೀರೆಯ ಬೆಲೆ ಮನಿಯಾರ್ಡರ್ ನೋಡಿ ಏರಲಿಲ್ಲ. ದೇಶಕ್ಕೆಲ್ಲ ಏರಿದಷ್ಟು ಇಲ್ಲೂ ಏರಿತು. ಕೊಳ್ಳುವವರು ಹೆಚ್ಚಾದರೆ ಶಿವಮೊಗ್ಗದಿಂದ ಇನ್ನೊಂದು ಲಾರಿ ಬರುತ್ತದೆ, ಮುಗಿಯಿತು. ಏರಿದ್ದು ಲಾರಿಯಲ್ಲಿ ತರಲಾಗದ್ದರ ಬೆಲೆ: ಮೇಸ್ತ್ರಿಯ ದಿನ, ಬಡಗಿಯ ದಿನ, ಕೊನೆಗಾರನ ದಿನ, ರಸ್ತೆ ಬದಿಯ ಜಾಗ, ಕೈಗೆಟುಕುವ ತೋಟ, ಮದುವೆಗೆ ಅಡುಗೆಯವರು. ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಅರ್ಥಶಾಸ್ತ್ರ ಓದಿದ ಮಗಳು ರಜೆಗೆ ಬಂದಾಗ ಅದನ್ನೇ ದೊಡ್ಡ ದೇಶಗಳ ಕಥೆಯಾಗಿ ಹೇಳಿದಳು. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ 1959ರಲ್ಲಿ ನೆಲದಡಿ ಅನಿಲ ಸಿಕ್ಕಿತಂತೆ. ಅದನ್ನು ಮಾರಿ ಹೊರಗಿನ ದುಡ್ಡು ಹರಿದು ಬಂದಮೇಲೆ ಆ ದೇಶದ ಬೇರೆ ಕಾರ್ಖಾನೆಗಳಿಗೆ ಸಂಬಳ ಕೊಟ್ಟು ಪೂರೈಸಲಿಲ್ಲವಂತೆ. 1977ರಲ್ಲಿ ಲಂಡನ್ನಿನ ‘ಎಕನಾಮಿಸ್ಟ್’ ಪತ್ರಿಕೆ ಇದಕ್ಕೆ ಡಚ್ ರೋಗ ಅಂತ ಹೆಸರು ಕೊಟ್ಟಿತು. ಮಕ್ಕಳು ಹೊರಗಿಂದ ಕಳಿಸುವ ದುಡ್ಡೂ ಬಡ ದೇಶಗಳಲ್ಲಿ ಅದೇ ಕೆಲಸ ಮಾಡುತ್ತದೆ. ಮನೆ, ನೆಲ, ಆಳು ಏರುತ್ತವೆ, ಹೊರಗಿನ ಮಾರುಕಟ್ಟೆಗೆ ಬೆಳೆಯುವವನು ಸೋಲುತ್ತಾನೆ ಅಂದಳು. ಹೊರದೇಶದಿಂದ ಭಾರತಕ್ಕೆ ಬರುವ ಇಂಥ ದುಡ್ಡು 2022ರಲ್ಲಿ 100 ಬಿಲಿಯನ್ ಡಾಲರ್ ದಾಟಿತು, ಜಗತ್ತಿನಲ್ಲಿ ಇಷ್ಟು ಬರುವ ದೇಶ ಬೇರೆ ಇಲ್ಲ. ಅದನ್ನು ನೋಡಲು ದೂರ ಹೋಗಬೇಕಾಗಿಲ್ಲ, ಕೇರಳಕ್ಕೆ ಹೋದರೆ ಸಾಕು.

ನನಗೆ ಕೇರಳಕ್ಕೂ ಹೋಗಬೇಕಾಗಿರಲಿಲ್ಲ. ನನ್ನ ತವರು ನರಸಿಂಹರಾಜಪುರದ ಕಡೆ. ಅದರ ಹಳೆಯ ಹೆಸರು ಎಡೇಹಳ್ಳಿ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ಆ ತಾಲ್ಲೂಕಿನ ಎಷ್ಟೋ ಗದ್ದೆ, ಮನೆ ನೀರಿನಡಿ ಹೋದವು. ಸ್ವಾತಂತ್ರ್ಯ ಬಂದ ಮೇಲಿನ ದಶಕಗಳಲ್ಲಿ ಕೇರಳದಿಂದ ಕ್ರಿಶ್ಚಿಯನ್ ಕುಟುಂಬಗಳು ಬಂದು ಆ ಕಡೆ ನೆಲೆಯೂರಿದವು. ಮರಗೆಣಸು, ಶುಂಠಿ, ಕಾಳುಮೆಣಸು, ಆಮೇಲೆ ರಬ್ಬರು. ಅಲ್ಲಿ ಒಂದೆಕರೆ ಮಾರಿದವನು ಇಲ್ಲಿ ಹಲವು ಎಕರೆ ಹಿಡಿಯುತ್ತಾನೆ ಅಂತ ನಮ್ಮ ಅಜ್ಜಿ ಬೆರಗಿನಿಂದ ಹೇಳುತ್ತಿದ್ದರು. ನಮ್ಮ ನೆಲದ ಬೆಲೆ ಕಟ್ಟುವ ಅಳತೆಗೋಲು ಕೊಪ್ಪದ ಸಂತೆಯಲ್ಲಿ ಮಾತ್ರ ಇಲ್ಲ, ಅದು ಕೋಟ್ಟಯಂನಲ್ಲೂ ಇರಬಹುದು ಅಂತ ಆಗಲೇ ಗೊತ್ತಾಗಬೇಕಿತ್ತು.

ಆ ಮನೆಗಳ ಹೆಣ್ಣುಮಕ್ಕಳು ನರ್ಸಿಂಗ್ ಓದಿ ಗಲ್ಫಿಗೆ ಹೋದರು. ತವರಿನ ಪಕ್ಕದಲ್ಲಿ ಅಂಥ ಒಂದು ಮನೆ ಕಟ್ಟುತ್ತಿದ್ದರು. ಮಗಳು ಕುವೈತಿನ ಆಸ್ಪತ್ರೆಯಲ್ಲಿ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ಅಲ್ಲಿದ್ದ ನಮ್ಮವರನ್ನು ಅಮ್ಮಾನಿಗೆ ತಂದು ಅಲ್ಲಿಂದ ವಿಮಾನ ಹತ್ತಿಸಿದರು; ಆ ಹುಡುಗಿಯೂ ಬರಿಗೈಯಲ್ಲಿ ಬಂದಿಳಿದಳು. ಮನೆ ಸಜ್ಜಾದ ಮಟ್ಟಕ್ಕೆ ನಿಂತಿತು, ತಾರಸಿಗೆ ಬಿಟ್ಟ ಕಬ್ಬಿಣದ ಸರಳಿನ ಮೇಲೆ ಮಳೆ ಸುರಿದು ಗೋಡೆಗೆಲ್ಲ ತುಕ್ಕಿನ ನೀರು ಇಳಿದಿತ್ತು. ಆ ವರ್ಷ ಆ ಬೀದಿಯಲ್ಲಿ ಮೇಸ್ತ್ರಿಗಳು ಮನೆಯವರು ಹೇಳಿದ ದರಕ್ಕೇ ಕೆಲಸಕ್ಕೆ ಬಂದರು. ಯುದ್ಧ ಮುಗಿದ ಮೇಲೆ ಹುಡುಗಿ ಮತ್ತೆ ಹೋದಳು. 1991ರ ಜುಲೈನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ 21ರ ಆಸುಪಾಸಿನಲ್ಲಿದ್ದ ಡಾಲರು 26ರ ಹತ್ತಿರ ಹೋಯಿತು. ಅಲ್ಲಿ ಅವಳ ಸಂಬಳ ಏರದೆಯೂ ಇಲ್ಲಿ ಬರುವ ದುಡ್ಡು ಏರಿತು. ತಾರಸಿ ಬಿತ್ತು. ಮೇಸ್ತ್ರಿಯ ದರವೂ ಹಿಂದಿನದ್ದನ್ನು ದಾಟಿತು. ಅದನ್ನು ಪಕ್ಕದಲ್ಲಿ ದನದ ಕೊಟ್ಟಿಗೆ ರಿಪೇರಿಗೆ ಕಾದಿದ್ದ ನನ್ನ ಅಣ್ಣನೂ ಕೊಟ್ಟ. ಅವನಿಗೆ ಕುವೈತಿನಲ್ಲಿ ಯಾರೂ ಇರಲಿಲ್ಲ.

ನಾನು ಹೇಳಬೇಕು ಅಂದುಕೊಂಡದ್ದು ಇದನ್ನೇ. ಮನಿಯಾರ್ಡರ್ ಒಂದೊಂದು ಮನೆಗೆ ಬರುತ್ತದೆ. ದರ ಊರಿಗೆಲ್ಲ ಒಂದೇ.

ನಮ್ಮ ಮನೆಯೂ ಇದರಿಂದ ಹೊರಗಿಲ್ಲ. ಒಂದು ಮಳೆಗಾಲ ಅಡಿಕೆಗೆ ಕೊಳೆ ರೋಗ ವಿಪರೀತ. ಕೊಳೆಗೆ ಮದ್ದು ಗೊತ್ತಾಗಿ ನೂರು ವರ್ಷದ ಮೇಲಾಯಿತು. ಮೈಸೂರು ಸರ್ಕಾರದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅದರ ಬಗ್ಗೆ ಬರೆದದ್ದು 1910ರಲ್ಲಿ. ಮೈಲುತುತ್ತ, ಸುಣ್ಣ ಪೇಟೆಯಲ್ಲಿ ಸಿಗುತ್ತವೆ. ಪಾಚಿ ಕಟ್ಟಿ ಜಾರುವ ಮರಕ್ಕೆ ಕಾಲಿಗೆ ತಳೆ ಹಾಕಿ ಹತ್ತುವವನು ಪೇಟೆಯಲ್ಲಿ ಸಿಗುವುದಿಲ್ಲ. ಮೂರು ದಿನ ಮಳೆ ಹೊಳವಾಗಿತ್ತು, ಅಷ್ಟರೊಳಗೆ ಹೊಡೆಸಬೇಕು, ಊರಿನ ಎಲ್ಲರಿಗೂ ಅದೇ ಮೂರು ದಿನ. ಮಗಳು ಬೆಂಗಳೂರಿನಿಂದ ದುಡ್ಡು ಹಾಕಿದ್ದಳು. ಕೊನೆಗಾರ ಕೇಳಿದ್ದರ ಮೇಲೆ ಇನ್ನಷ್ಟು ಕೊಟ್ಟು ನಮ್ಮವರು ಅವನನ್ನು ಮೊದಲು ನಮ್ಮ ತೋಟಕ್ಕೆ ಕರೆದುಕೊಂಡು ಬಂದರು. ಮಾರನೆಯ ವಾರ ಅದೇ ಊರಿನ ದರವಾಯಿತು. ಹಾಗೆ ಕೊಡಬಾರದಿತ್ತು ಅಂತ ನನಗೆ ಈಗಲೂ ಅನಿಸುವುದಿಲ್ಲ. ಮರದ ತುದಿಯಲ್ಲಿ ಜೀವ ಕೈಯಲ್ಲಿ ಹಿಡಿದವನಿಗೆ ಅದು ಹೆಚ್ಚೂ ಅಲ್ಲ. ಆದರೆ ಆ ದರವನ್ನು ನಮಗೆ ಕಟ್ಟಿದವಳು ಮಗಳು. ಅಡಿಕೆ ಅದನ್ನು ಕಟ್ಟುವಂತಿರಲಿಲ್ಲ.

ಯಾಕೆಂದರೆ ಅಡಿಕೆಯ ಧಾರಣೆ ನಮ್ಮ ಊರಿನ ದುಡ್ಡನ್ನು ಕೇಳಿ ಏರುವುದಿಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಯಾವುದೇ ಇರಲಿ, ಅದರ ಬೆಲೆ ಶಿವಮೊಗ್ಗದ ಮಂಡಿಯಲ್ಲಿ, ಉತ್ತರದ ಗುಟ್ಕಾ ವ್ಯಾಪಾರಿಯ ಲೆಕ್ಕದಲ್ಲಿ, ಆಮದಿನ ಸುಂಕದಲ್ಲಿ ಇದೆ. 2000ದ ಆಸುಪಾಸಿನಲ್ಲಿ ಕುಸಿಯಿತು. 2014ರಲ್ಲಿ ಯಾರೂ ಎಣಿಸದಷ್ಟು ಏರಿ ಮತ್ತೆ ಇಳಿಯಿತು. ಆಳಿನ ದರ ಏರಿದ್ದು ಇಳಿದದ್ದನ್ನು ನಾನು ಕಂಡಿಲ್ಲ. ಈಗ ನಮ್ಮ ಕಡೆ ಸಾಧಾರಣ ಗಂಡಾಳಿನ ದಿನ 500ರ ಕೆಳಗೆ ಇಲ್ಲ, ಕೊನೆಗಾರನದ್ದು ಅದರ ಎರಡು ಮೂರು ಪಟ್ಟು. ನೆಲದಲ್ಲೇ ನಿಂತು ಕೊನೆ ಕೊಯ್ಯುವ, ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದದ್ದು ಈ ದರದ ಒತ್ತಡಕ್ಕೇ. ಮೆಟ್ಟುಗತ್ತಿಯ ಮುಂದೆ ರಾತ್ರಿಯೆಲ್ಲ ಕೂತು ಅಡಿಕೆ ಸುಲಿಯುತ್ತಿದ್ದ ಹೆಂಗಸರ ಜಾಗಕ್ಕೆ ಮಷೀನು ಬಂದದ್ದೂ ಹಾಗೇ.

ಇನ್ನು ಗದ್ದೆ. ಅಕ್ಕಿ ಲಾರಿಯಲ್ಲಿ ಬರುತ್ತದೆ, 2013ರ ಅನ್ನಭಾಗ್ಯದ ಮೇಲೆ ಪಡಿತರದಲ್ಲೂ ಬಂತು. ನಟ್ಟಿಯ ಆಳು ಲಾರಿಯಲ್ಲಿ ಬರುವುದಿಲ್ಲ. ಒಂದರ ಬೆಲೆ ನಿಂತಿತು, ಇನ್ನೊಂದರದ್ದು ಏರಿತು. ನಡುವೆ ಗದ್ದೆ ಸಿಕ್ಕಿಕೊಂಡಿತು. ಕೆಲವು ಗದ್ದೆಗೆ ಅಡಿಕೆ ಸಸಿ ಬಿತ್ತು, ಕೆಲವು ಪಾಳು ಬಿದ್ದವು. ಹುಡುಗರಿಗೆ ಗದ್ದೆಯ ಮೇಲೆ ಪ್ರೀತಿ ಇಲ್ಲ ಅನ್ನುವುದು ವೇದಿಕೆಯ ಭಾಷಣ. ಲೆಕ್ಕ ಬರೆದವರಿಗೆ ಗೊತ್ತು, ಪ್ರೀತಿ ಇದ್ದವರೂ ಬಿಟ್ಟರು.

ಈ ದರದ ಪೆಟ್ಟು ಯಾರಿಗೆ ಅಂತ ನೋಡಬೇಕಾದರೆ ಶೃಂಗೇರಿ ಕಡೆಯ ಹಳದಿ ಎಲೆ ರೋಗದ ತೋಟಗಳಿಗೆ ಹೋಗಬೇಕು. ನಮ್ಮ ಈ ಮೂರು ತಾಲ್ಲೂಕುಗಳನ್ನೇ ಆರಿಸಿಕೊಂಡಂತೆ ತಿಂದ ರೋಗ ಅದು, ಮದ್ದಿಲ್ಲ. ಸೋಗೆ ಹಳದಿಯಾಗಿ, ಕೊನೆ ಸಣ್ಣದಾಗಿ, ತಲೆ ಕಿರಿದಾಗಿ ಮರ ವರ್ಷಗಟ್ಟಲೆ ಸಾಯುತ್ತದೆ. ನೆಮ್ಮಾರಿನ ಆಚೆ ನಮ್ಮ ಸಂಬಂಧಿಕರ ಎರಡು ಮನೆಗಳಿವೆ, ನಡುವೆ ಒಂದು ಬೇಲಿ. ಎರಡೂ ತೋಟ ಹಳದಿ. ಒಂದು ಮನೆಯ ಮಕ್ಕಳು ಬೆಂಗಳೂರಿನಲ್ಲಿ, ತಿಂಗಳು ತಿಂಗಳು ಹಾಕುತ್ತಾರೆ. ಅವರು ಹೊಸ ಸಸಿ ಇಟ್ಟಿದ್ದಾರೆ, ಕಾಫಿ ಮೆಣಸು ಹಾಕಿದ್ದಾರೆ, ಆಳಿಗೆ ಕೇಳಿದ್ದನ್ನು ಕೊಡುತ್ತಾರೆ. ಇನ್ನೊಂದರಲ್ಲಿ ಅಣ್ಣ ತಮ್ಮ ಇಬ್ಬರೇ, ಮಕ್ಕಳಿಲ್ಲ. ಮರ ಅಷ್ಟೇ, ಅಡಿಕೆ ಅಷ್ಟೇ, ಆಳಿನ ದರವೂ ಬೇಲಿಯಾಚೆಯದ್ದೇ. ಹಿರಿಯವರು ನನಗೆ ಹೇಳಿದರು: “ನೋಡು ತಂಗಿ, ಬೆಂಗಳೂರಿನ ಸಂಬಳಕ್ಕೆ ಲೆಕ್ಕ ಹಾಕಿದ ಕೂಲಿಯನ್ನ ನಾವು ಹಳದಿ ಅಡಿಕೆಯಲ್ಲಿ ಕೊಡ್ಬೇಕು.” ಎಷ್ಟು ಪುಸ್ತಕ ಓದಿದರೂ ಇದಕ್ಕಿಂತ ಸರಿಯಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಹಳೆಯ ರೀತಿಯ ಮನಿಯಾರ್ಡರ್ 2015ರ ಏಪ್ರಿಲ್‌ನಲ್ಲಿ ಮುಗಿಯಿತು. ಅದಕ್ಕೂ ಮೊದಲೇ ದುಡ್ಡು ಬ್ಯಾಂಕಿನ ಖಾತೆಯಿಂದ ಖಾತೆಗೆ ಹಾರತೊಡಗಿತ್ತು. ಯಾರಿಗೆ ಬಂತು ಅಂತ ಜಗಲಿಯಲ್ಲಿ ಕೂತು ನೋಡುವುದು ಸಾಧ್ಯವಿಲ್ಲದ ಮೇಲೂ ಮೇಸ್ತ್ರಿಯ ದರ ಇಳಿಯಲಿಲ್ಲ. 2020ರಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಕೊರೊನಾ ಬಂದು ಮಕ್ಕಳು ಲ್ಯಾಪ್‌ಟಾಪು ಹಿಡಿದು ಮನೆಗೆ ಬಂದರು, ಗುಡ್ಡದ ನೆತ್ತಿಯಲ್ಲಿ ನೆಟ್‌ವರ್ಕ್ ಹುಡುಕಿ ಕೂತರು. ಅದೇ ವರ್ಷ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದು, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ಮಾಡಿತು. ಅಲ್ಲಿಯವರೆಗೆ ತೋಟ ಕೊಳ್ಳುವವನು ತೋಟದ ಆದಾಯ ನೋಡಿ ಬೆಲೆ ಕಟ್ಟುತ್ತಿದ್ದ. ಈಗ ಹೋಂಸ್ಟೇಗೆ ಹೊಳೆ ಕಾಣುತ್ತದೆಯೇ ಅಂತ ನೋಡಿ ಕಟ್ಟುತ್ತಾನೆ. ಹೊಳೆ ಕಾಣುವ ತೋಟವನ್ನು ಪಕ್ಕದ ರೈತ ಇನ್ನು ಕೊಳ್ಳಲಾರ.

ಸೇರೆಗಾರನ ಜಾಗಕ್ಕೆ ಈಗ ಅಸ್ಸಾಂ, ಬಂಗಾಳದ ಹುಡುಗರನ್ನು ತರುವ ಏಜೆಂಟರು ಬಂದಿದ್ದಾರೆ. ಬಾಳೆಹೊನ್ನೂರು, ಜಯಪುರದ ಸುತ್ತಿನ ಕಾಫಿ ತೋಟದ ಲೈನುಗಳಲ್ಲಿ ಈಗ ಅವರೇ ಹೆಚ್ಚು. ನಮ್ಮಲ್ಲಿಗೆ ಬರುವ ಹುಡುಗ ಶನಿವಾರ ಸಂಜೆ ನೋಟು ಮುಟ್ಟುವುದಿಲ್ಲ. “ಅಮ್ಮ, ಫೋನಿಗೆ ಹಾಕಿ” ಅನ್ನುತ್ತಾನೆ. ನಾನು ಹಾಕಿದ ಐದು ನಿಮಿಷಕ್ಕೆ ಅದು ಅವನ ಊರಿನಲ್ಲಿರುತ್ತದೆ, ಕಮಿಷನ್ ಇಲ್ಲ. ಊರಿನಲ್ಲಿ ಏನು ಮಾಡುತ್ತಾರೆ ಅಂತ ಕೇಳಿದೆ. ಮನೆ ಕಟ್ಟುತ್ತಿದ್ದಾರಂತೆ. ಅಲ್ಲಿ ಈಗ ಇಟ್ಟಿಗೆ ಕೆಲಸದವರು ಸಿಗುವುದಿಲ್ಲವಂತೆ, ಗದ್ದೆಯ ಬೆಲೆ ಬಹಳ ಆಗಿದೆಯಂತೆ. ನನಗೆ ಆಶ್ಚರ್ಯವಾಗಲಿಲ್ಲ.

ಓದುಗರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಪೋಸ್ಟ್ ಆಫೀಸಿನ ಮನಿಯಾರ್ಡರ್ ದಾಖಲೆಗಳನ್ನು ಅವಧಿ ಮುಗಿದ ಮೇಲೆ ನಿಯಮದಂತೆ ನಾಶ ಮಾಡಿದ್ದಾರೆ, ಅವು ಇನ್ನು ಸಿಗುವುದಿಲ್ಲ. ಉಳಿದಿರುವುದು ಮನೆಗಳ ಅಟ್ಟದಲ್ಲಿರುವ ಸೇರೆಗಾರರ ಲೆಕ್ಕದ ಪುಸ್ತಕ, ಆಳಿನ ಪಟ್ಟಿ, ಟ್ರಂಕಿನಲ್ಲಿರುವ ಕೂಪನ್ನುಗಳು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳೆಯ ಮನೆ ಕೆಡವಿ ಹೊಸದು ಕಟ್ಟುವವರು ಅವನ್ನು ಅಡಿಕೆ ಬೇಯಿಸುವ ಒಲೆಗೆ ಹಾಕುವ ಮೊದಲು ಪುಟಪುಟದ ಫೋಟೋ ತೆಗೆದಿಡಿ. ಘಟ್ಟದ ಕೆಳಗೆ, ಕಾರ್ಕಳ ಹೆಬ್ರಿ ಕಡೆಯ ಮನೆಗಳಲ್ಲೂ ಹೀಗೇ ಕಾಗದ ಇರಬಹುದು. ಎರಡನ್ನೂ ಎದುರುಬದುರು ಇಟ್ಟು ಓದಿದವರು ಇನ್ನೂ ಯಾರನ್ನೂ ನಾನು ಕಂಡಿಲ್ಲ.